ಮಂಗಳಾಳ ಎಲೆಯ ಮೇಲಿನ ಚಿರೋಟಿ

ನಾನು ಸುಳ್ಳು ಹೇಳಿದೆ. ಡಾಕ್ಟರು ಹೇಳಿದ್ದೊಂದು, ನಾನು ಮಂಗಳಾಗೆ ಹೇಳಿದ್ದೊಂದು. ಅವಳ ಹೊಟ್ಟೆಯೊಳಗಿದ್ದ ಕಾಯಿಲೆಯ ಹೆಸರು, ಅದಕ್ಕಿರುವ ಒಂದೇ ಪಥ್ಯ, ಅವಳು ವರ್ಷಗಳಿಂದ ಕೇಳಲು ಕಾಯುತ್ತಿದ್ದ ಮಾತು, ಎಲ್ಲವನ್ನೂ ಮಂಡ್ಯದ ಒಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನುಂಗಿಬಿಟ್ಟೆ. ಆ ಸುಳ್ಳಿನಿಂದ ಅವಳು ಗಂಡನ ಮನೆ ಬಿಟ್ಟಳು. ನಾನು ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ, ಒಳ್ಳೆಯ ಹಿರಿಸೊಸೆಯಾಗಿ ಉಳಿದೆ.

ಮಂಗಳಾ ನನ್ನ ಓರಗಿತ್ತಿ, ಮೈದುನ ಶಿವುವಿನ ಹೆಂಡತಿ.

ಇದನ್ನು ದುಃಖದಿಂದ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸಿಟ್ಟಿನಿಂದ ಬರೆಯುತ್ತಿದ್ದೇನೆ. ನನ್ನನ್ನು ಎಲ್ಲರೂ ಮೆತ್ತನೆಯವಳು ಅನ್ನುತ್ತಾರೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಮೊದಲ ಪಾಠವೇ ದನಿ ಏರಿಸದೆ ಮಾತಾಡುವುದು, ಕುರ್ಚಿ ಎಳೆಯದೆ ಎತ್ತಿ ಇಡುವುದು, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು. ಮೆತ್ತಗೆ ಮಾತಾಡುವವರು ಸುಳ್ಳು ಹೇಳುವುದಿಲ್ಲ ಅಂತ ಜನ ನಂಬುತ್ತಾರೆ. ನನ್ನ ಸುಳ್ಳು ನಿಂತಿದ್ದು ಆ ನಂಬಿಕೆಯ ಮೇಲೆ. ಈಗ ನನ್ನ ದನಿ ನನಗೇ ಕೇಳಿದರೆ ಕಪಾಳಕ್ಕೆ ಹೊಡೆಯಬೇಕು ಅನ್ನಿಸುತ್ತದೆ.

ನಮ್ಮ ಮನೆ ಮದ್ದೂರಿನಲ್ಲಿ. ನಮ್ಮ ಯಜಮಾನರು ಹೈಸ್ಕೂಲು ಮೇಷ್ಟ್ರು. ಶಿವು ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ. ಮನೆಯ ಉಸ್ತುವಾರಿಯೆಲ್ಲ ಅತ್ತೆಯದು. ಆದರೆ ಕಾಯಿಲೆ ಕಸಾಲೆ ವಿಷಯ ಬಂದರೆ ಮಾತ್ರ ನನ್ನ ಮಾತೇ ಕೊನೆ. ಮಾತ್ರೆಯ ಹಿಂದೆ ಬರೆದಿರುವುದನ್ನು ಓದುತ್ತೇನೆ ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಅರ್ಹತೆ ಇರಲಿಲ್ಲ. ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಜ್ವರದ್ದು, ಕೀಲುನೋವಿನದು, ನೆಗಡಿಯದು ಎಲ್ಲ ಅದರಲ್ಲೇ. ಪಕ್ಕದ ಮನೆಯವರೂ ಬಂದು ಕೇಳುತ್ತಿದ್ದರು. ಅತ್ತೆ ಹೆಮ್ಮೆಯಿಂದ, ನಮ್ಮ ನಿರ್ಮಲ ಇರೋವಾಗ ಡಾಕ್ಟ್ರು ಯಾಕೆ ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು.

ಆ ಡಬ್ಬಿಯಲ್ಲಿ ಎಂದೂ ಖಾಲಿಯಾಗದೆ ಇರುತ್ತಿದ್ದುದು ಗ್ಯಾಸ್ ಮಾತ್ರೆ. ನನಗೆ ಹೊಟ್ಟೆಯುರಿ ಬಂದಾಗ ಒಬ್ಬರು ಡಾಕ್ಟರು ಬರೆದುಕೊಟ್ಟಿದ್ದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಅಂದಿದ್ದರು. ಎಷ್ಟು ದಿನ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಔಷಧಿ ಅಂಗಡಿಯವನಂತೂ ಚೀಟಿ ಕೇಳುವುದನ್ನೇ ಬಿಟ್ಟಿದ್ದ. ನನ್ನ ಮುಖ ಕಂಡರೆ ಸಾಕು, ಕಡಲೆಮಿಠಾಯಿ ಕೊಟ್ಟ ಹಾಗೆ ಶೀಟುಗಳನ್ನು ತೆಗೆದು ಗಾಜಿನ ಮೇಲೆ ಇಡುತ್ತಿದ್ದ. ಆ ಡಾಕ್ಟರ ಮೇಲೂ ಸಿಟ್ಟಿದೆ ನನಗೆ, ಆ ಅಂಗಡಿಯವನ ಮೇಲೂ ಇದೆ. ಆದರೆ ಅವರಿಬ್ಬರೂ ಮಂಗಳಾಳ ಮುಖ ನೋಡಿದವರಲ್ಲ. ನಾನು ದಿನವೂ ನೋಡುತ್ತಿದ್ದವಳು.

ಮಂಗಳಾ ಮಳವಳ್ಳಿ ಕಡೆಯವಳು, ಶಿವನಸಮುದ್ರದ ಹತ್ತಿರದ ಊರಾದ ಬ್ಲಫ್‌ನಿಂದ ಬಂದವಳು. ಅವಳ ಅಣ್ಣ ಅಲ್ಲಿನ ಪವರ್‌ಹೌಸಿನಲ್ಲಿ ಕೆಲಸಗಾರ. ತಾಯಿ ಚಿಕ್ಕತಾಯಮ್ಮ ಅವನ ಜೊತೆಗೆ ಕ್ವಾರ್ಟರ್ಸಿನಲ್ಲಿ. ಮದುವೆಯಾಗಿ ಬಂದಾಗ ಮಂಗಳಾ ಮೈತುಂಬಿಕೊಂಡಿದ್ದಳು. ಹಸಿರು ಗಾಜಿನ ಬಳೆ ಮಣಿಕಟ್ಟಿಗೆ ಬಿಗಿಯಾಗಿ ಕೂತು, ಬಳೆಯ ಗುರುತು ಚರ್ಮದ ಮೇಲೆ ಮೂಡಿರುತ್ತಿತ್ತು. ನಮ್ಮಲ್ಲಿ ಯಾರೂ ಮುದ್ದೆ ಮುರಿಯುವ ಮೊದಲೇ ಅವಳದು ಅರ್ಧ ಮುಗಿದಿರುತ್ತಿತ್ತು. ಶಿವು ತಮಾಷೆ ಮಾಡುತ್ತಿದ್ದ — "ಇವ್ಳ್ ಗಂಟ್ಲೊಳಗೆ ಮುದ್ದೆ ಎಲ್ಲಿ ಓಯ್ತದೆ ಅಂತ ಆ ದೇವ್ರಿಗೂ ಗೊತ್ತಾಗಕಿಲ್ಲ ಬುಡಿ ಅತ್ತಿಗೆ." ಅವಳು ಬಾಯಿಗೆ ಸೆರಗು ಅಡ್ಡ ಇಟ್ಟು ನಗುತ್ತಿದ್ದಳು.

ಬಂದ ಕೆಲವು ತಿಂಗಳಿಗೆ ಅವಳಿಗೆ ಎದೆಯುರಿ ಶುರುವಾಯಿತು. ಹೊಸ ಮನೆ, ಹೊಸ ಜನ, ಹೊತ್ತಿಗೆ ಸರಿಯಾಗಿ ಊಟವಿಲ್ಲ — ಯಾರಿಗೆ ಬರುವುದಿಲ್ಲ? ಒಂದು ವಾರ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನು ಅಂದಿದ್ದರೆ ಸಾಕಿತ್ತೇನೋ. ನಾನು ಡಬ್ಬಿ ತೆಗೆದೆ. ನನ್ನ ಮಾತ್ರೆಯನ್ನೇ ಅವಳ ಅಂಗೈಗೆ ಹಾಕಿದೆ. ಮಾರನೆಯ ದಿನ ಓಡಿಬಂದು, ಅಕ್ಕ, ಬೆಂಕಿಗೆ ನೀರು ಉಯ್ದಂಗಾಯ್ತು ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂದಿನಿಂದ ಅದು ಮನೆಯ ಪದ್ಧತಿಯೇ ಆಗಿಹೋಯಿತು. ಕಾಫಿಗೆ ಮೊದಲು ನನಗೊಂದು, ಅವಳಿಗೊಂದು. ನಾನು ಮರೆತರೆ ಅವಳೇ ಬಂದು ಕೈ ಚಾಚುತ್ತಿದ್ದಳು. ವರ್ಷಗಳು — ಹೌದು, ವರ್ಷಗಳು.

ಅದೇ ಹೊತ್ತಿಗೆ ಮಾವನವರಿಗೆ ಸಕ್ಕರೆ ಕಾಯಿಲೆ ಅಂತ ರಾತ್ರಿ ಊಟಕ್ಕೆ ಚಪಾತಿ ಬಂತು. ಮಾವ ತೀರಿಕೊಂಡರೂ ಚಪಾತಿ ಹೋಗಲಿಲ್ಲ, ಮಧ್ಯಾಹ್ನಕ್ಕೂ ಬಂತು. ತಂದವಳು ನಾನೇ. ನಿಜ ಹೇಳಬೇಕೆಂದರೆ ನನಗೆ ಮುದ್ದೆ ತೊಳಸಲು ಬರುತ್ತಿರಲಿಲ್ಲ. ಗಂಟು ಕಟ್ಟುತ್ತಿತ್ತು, ಅತ್ತೆ ನಗುತ್ತಿದ್ದರು. ಚಪಾತಿ ಮಾತ್ರ ನನ್ನ ಕೈಯಲ್ಲಿ ಹೂವಿನ ಹಾಗೆ ಬರುತ್ತಿತ್ತು. ಮಂಗಳಾ ಮುದ್ದೆ ಮಾಡ್ತೀನಿ ಅಂತ ಎದ್ದರೆ, ಗ್ಯಾಸ್ಟ್ರಿಕ್ ಇರೋರಿಗೆ ಮುದ್ದೆ ಭಾರ ಆಗುತ್ತೆ, ಕೂತ್ಕೋ ಅನ್ನುತ್ತಿದ್ದೆ. ಯಾವ ಪುಸ್ತಕದಲ್ಲಿತ್ತು ಅದು? ಯಾರು ಹೇಳಿದ್ದರು? ಯಾರೂ ಇಲ್ಲ. ನನಗೆ ಬಾರದ ಅಡುಗೆಯೊಂದು ಆ ಮನೆಯಿಂದ ಹೋಗಬೇಕಿತ್ತು, ಅಷ್ಟೆ.

ಆಮೇಲೆ ಅವಳು ಸೊರಗತೊಡಗಿದಳು. ಹೊಟ್ಟೆ ಉಬ್ಬರ, ಭೇದಿ, ತುಟಿಯ ಅಂಚಿನಲ್ಲಿ ಹುಣ್ಣು, ಉಗುರು ಬಿಳಿಚಿಕೊಂಡು ನೀರಲ್ಲಿ ನೆನೆಸಿಟ್ಟ ಕಾಗದದ ಹಾಗೆ. ಒಂದು ಸಲ ಬಸಿರಾದಳು, ಅದೂ ನಿಲ್ಲಲಿಲ್ಲ. ಬಳೆ ಸಡಿಲವಾಗಿ ಪಾತ್ರೆ ತೊಳೆಯುವಾಗ ಮೊಣಕೈಗೆ ಜಾರುತ್ತಿತ್ತು, ಅದಕ್ಕೆ ದಾರ ಸುತ್ತಿಕೊಂಡಿದ್ದಳು. ಹುಷಾರಿಲ್ಲದವರಿಗೆ ನಮ್ಮ ಕಡೆ ಏನು ಕೊಡುತ್ತಾರೆ ನಿಮಗೆ ಗೊತ್ತು. ಬ್ರೆಡ್ಡು, ರಸ್ಕು, ಗೋಧಿ ರವೆ ಗಂಜಿ. ನೋಡಲು ಬಂದವರ ಕೈಯಲ್ಲೂ ಬ್ರೆಡ್ಡಿನ ಪೊಟ್ಟಣ. ಅವಳು ಒಂದಿಷ್ಟು ಸೊರಗಿದರೆ ನಾನು ಇನ್ನಿಷ್ಟು ಬ್ರೆಡ್ಡು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದೆ. ಆರೈಕೆ ಅಂದರೆ ನನ್ನದೇ ಅಂತ ಬೀದಿಯೆಲ್ಲ ಹೊಗಳಿತು.

ಸುಸ್ತಾದಾಗ ಅವಳನ್ನು ಬ್ಲಫ್‌ಗೆ ಕಳಿಸುತ್ತಿದ್ದೆವು. ಅಲ್ಲಿ ಹೊತ್ತು ಹೊತ್ತಿಗೂ ಮುದ್ದೆ, ಸೊಪ್ಪಿನ ಸಾರು, ಹುರುಳಿ ಬಸ್ಸಾರು. ಚಿಕ್ಕತಾಯಮ್ಮನಿಗೆ ಚಪಾತಿ ಲಟ್ಟಿಸುವುದೇ ಬರುತ್ತಿರಲಿಲ್ಲ. ಒಂದೆರಡು ತಿಂಗಳಿದ್ದು ಬಂದರೆ ಮಂಗಳಾಳ ಬಳೆ ಮತ್ತೆ ಮಣಿಕಟ್ಟಿನಲ್ಲೇ ನಿಂತಿರುತ್ತಿತ್ತು. ನಮ್ಮ ಮನೆಯಲ್ಲಿ ಸ್ವಲ್ಪ ದಿನ ಕಳೆಯಿತೋ, ಜಾರುತ್ತಿತ್ತು. ಇದನ್ನು ಮೊದಲು ಕಂಡವಳು ನಾನು. ಸಣ್ಣಸಣ್ಣದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ ಅಂತ ಹೆಮ್ಮೆ ನನಗೆ. ಕಂಡೆ — ಕಂಡದ್ದಕ್ಕೆ ಎಲ್ಲರೂ ಕೊಟ್ಟ ಅರ್ಥವನ್ನೇ ಕೊಟ್ಟೆ. ತೌರಿನಲ್ಲಿ ಹುಷಾರಾಗಿ, ಗಂಡನ ಮನೆಯಲ್ಲಿ ಮಲಗುವ ಹೆಂಗಸಿಗೆ ನಮ್ಮ ಕಡೆ ಒಂದೇ ಹೆಸರು, ನಾಟಕದವಳು. ಅತ್ತೆ ಅಂದರು. ಶಿವುವೂ ಅನ್ನತೊಡಗಿದ. ನಾನು ಬಾಯಲ್ಲಿ ಅನ್ನಲಿಲ್ಲ. ಅಯ್ಯೋ, ಹಾಗನ್ನಬೇಡಿ ಪಾಪ ಅನ್ನುತ್ತಿದ್ದೆ, ಅಂದವರು ಇನ್ನೊಂದು ಸಲ ಅನ್ನುವ ಹಾಗೆ.

ಕೊನೆಗೆ ಚಿಕ್ಕತಾಯಮ್ಮ ಗಲಾಟೆ ಮಾಡಿದ ಮೇಲೆ ಮಂಡ್ಯದಲ್ಲಿ ಹೊಟ್ಟೆಯ ಡಾಕ್ಟರಿಗೆ ತೋರಿಸಿದೆವು. ಜೊತೆಗೆ ಹೋದವಳು ನಾನು. ಫೈಲು ಯಾವಾಗಲೂ ನನ್ನ ಕೈಯಲ್ಲೇ. ಬಾಯಿಯಿಂದ ಕೊಳವೆ ಬಿಟ್ಟು ನೋಡಿ, ಒಳಗಿನ ಚೂರೊಂದನ್ನು ಪರೀಕ್ಷೆಗೆ ಕಳಿಸಿದ್ದರು. ರಕ್ತವನ್ನೂ ಕಳಿಸಿದ್ದರು. ಫಲಿತಾಂಶ ಕೇಳಲು ಹೋದ ದಿನ ಮಂಗಳಾ ತಿಳಿನೀಲಿ ಸೀರೆ ಉಟ್ಟಿದ್ದಳು, ಕುಪ್ಪಸದ ಹೊಲಿಗೆ ಒಳಕ್ಕೆ ಹಿಡಿದಿದ್ದಳು. ಡಾಕ್ಟರು ಅವಳ ಕಡೆ ತಿರುಗಿ ಕನ್ನಡದಲ್ಲೇ ಶುರುಮಾಡಿದರು. ಅವರ ಮೊದಲ ಪ್ರಶ್ನೆಗೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ.

ಯಾಕೆ ಕೊಟ್ಟೆ? ಬರುತ್ತದೆ ಅಂತ. ಅಷ್ಟೇ ಕಾರಣ. ಅವರ ಕುರ್ಚಿ ನನ್ನ ಕಡೆ ತಿರುಗಿತು. ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಮಾತು ನಮ್ಮಿಬ್ಬರದೇ ಆಯಿತು. ಹೊಟ್ಟೆ ಅವಳದು, ಮಾತು ನಮ್ಮದು. ಅವಳು ನಡುವೆ ಕೂತು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಬಳೆಯ ದಾರವನ್ನು ತಿರುಗಿಸುತ್ತಿದ್ದಳು.

ಅವರು ಹೇಳಿದರು — ಇದು ಸೀಲಿಯಾಕ್ ಅನ್ನುವ ಕಾಯಿಲೆ. ಗೋಧಿ ಈಕೆಯ ಸಣ್ಣ ಕರುಳನ್ನು ಕೆಡಿಸುತ್ತಿದೆ, ತಿಂದದ್ದು ಮೈಗೆ ಹತ್ತುತ್ತಿಲ್ಲ. ಚಪಾತಿ, ಬ್ರೆಡ್ಡು, ರವೆ, ಮೈದಾ, ಒಂದು ಚೂರೂ ಬೇಡ, ಜೀವಮಾನವಿಡೀ ಬೇಡ. ರಾಗಿ, ಅಕ್ಕಿ, ಜೋಳ ಧಾರಾಳವಾಗಿ ತಿನ್ನಲಿ. ಮಂಡ್ಯದ ಕಡೆಯವರಿಗೆ ಕಷ್ಟವೇನಿಲ್ಲ ಬಿಡಿ, ಮುದ್ದೆ ಇದೆಯಲ್ಲ ಅಂತ ನಕ್ಕರು. ಆಮೇಲೆ ಕೇಳಿದರು, ಗ್ಯಾಸ್ ಮಾತ್ರೆ ಏನಾದರೂ ತುಂಬಾ ದಿನದಿಂದ ತೆಗೆದುಕೊಳ್ಳುತ್ತಿದ್ದಾರಾ?

ಅಪರೂಪಕ್ಕೊಮ್ಮೆ ಡಾಕ್ಟರ್, ಅಂದೆ. ಎಷ್ಟು ಚೆಂದದ ಇಂಗ್ಲಿಷಿನಲ್ಲಿ ಅಂದೆ.

ಅವರು ಸುಮ್ಮನೆ ಕೇಳಿರಲಿಲ್ಲ. ಆಮ್ಲ ಇಳಿಸುವ ಆ ಮಾತ್ರೆಯನ್ನು ದೀರ್ಘಕಾಲ ತೆಗೆದುಕೊಂಡವರಲ್ಲಿ ಆಮೇಲೆ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಂಡಿದೆ ಅನ್ನುತ್ತಾರಂತೆ. ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾದರೆ ಗೋಧಿ ಸರಿಯಾಗಿ ಅರಗದೆ ಕರುಳಿಗೆ ಇಳಿಯುತ್ತದೇನೋ ಅನ್ನುವುದು ಒಂದು ಊಹೆ. ಆದರೆ ಮಾತ್ರೆಯಿಂದಲೇ ಬಂತು ಅಂತ ಯಾರೂ ಖಚಿತವಾಗಿ ಹೇಳಲಾರರು. ಈ ಕಾಯಿಲೆ ಬರುವುದಕ್ಕೆ ಮೈಯಲ್ಲೇ ಒಂದು ಗುಣ ಇರಬೇಕು, ಇಷ್ಟಕ್ಕೂ ಕಾಯಿಲೆಯ ಮೊದಲ ಉರಿಯನ್ನೇ ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿದವರೂ ಇರುತ್ತಾರೆ ಅಂದರು. ಏನೇ ಆಗಲಿ, ಬೇಕಾದವರಿಗೆ ಬೇಕಾದಷ್ಟು ದಿನ ಕೊಡುವ ಮಾತ್ರೆ ಅದು, ಕಾಫಿಯ ಹಾಗೆ ದಿನಾ ಕುಡಿಯುವುದಲ್ಲ ಅಂದರು. ಮುಂದಿನ ಸಲ ಗಂಡನನ್ನೂ ಕರೆತನ್ನಿ ಅಂದರು. ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದರು. ಅದನ್ನು ಕೊನೆಗೆ ಬರೆಯುತ್ತೇನೆ. ಈಗ ಬರೆಯಲು ಕೈ ಬರುತ್ತಿಲ್ಲ.

ಹೊರಗೆ ಬಂದೆವು. ಮೆಟ್ಟಿಲ ಮೇಲೆ ಮಂಗಳಾ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಏನಂದ್ರಕ್ಕ?"

ನನ್ನ ತಲೆಯಲ್ಲಿ ಆಗ ಇದ್ದದ್ದು ಅವಳ ಕರುಳಲ್ಲ. ನಮ್ಮ ನಡುಮನೆ. ಅಲ್ಲಿ ಅತ್ತೆ ಕೇಳುವ ಮೊದಲ ಪ್ರಶ್ನೆ — ಆ ಮಾತ್ರೆ ಕೊಟ್ಟಿದ್ದು ಯಾರು, ಆ ಚಪಾತಿ ಮಾಡಿದ್ದು ಯಾರು, ಮುದ್ದೆ ಬಿಡಿಸಿದ್ದು ಯಾರು. ಓದಿದವಳು, ತಿಳಿದವಳು ಅನ್ನುವ ಆ ಒಂದು ಮಣೆ ನನ್ನ ಕೆಳಗಿಂದ ಜಾರುತ್ತದೆ ಅನ್ನುವ ಭಯ. ಒಬ್ಬಳ ಜೀವಕ್ಕೆ ಎದುರಾಗಿ ನಾನು ಹಿಡಿದುಕೊಂಡದ್ದು ಇಷ್ಟನ್ನು.

"ಏನೂ ಇಲ್ಲ ಕಣೆ, ಬರೀ ಗ್ಯಾಸ್ಟ್ರಿಕ್ಕು. ಮನಸ್ಸಿಗೆ ತುಂಬಾ ಹಚ್ಚಿಕೋಬೇಡ ಅಂದರು."

ಅವಳ ಮುಖ ಅರಳಿತು. ಅಂಗಾರೆ ಸಾಯೋ ಕಾಯ್ಲೆ ಅಲ್ಲ ಬುಡಿ ಅಂತ ನಕ್ಕಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮದ್ದೂರಿನಲ್ಲಿ ಬಸ್ಸಿಳಿದ ಮೇಲೆ ಹಸಿವು ಅಂದಳು. ನಾನು ಅವಳಿಗೆ ವಡೆ ಕೊಡಿಸಿದೆ. ರವೆ, ಮೈದಾ ಕಲಸಿ ಕರಿದ ನಮ್ಮೂರಿನ ವಡೆ. ಅರ್ಧ ದಿನ ಕಳೆದಿರಲಿಲ್ಲ, ಡಾಕ್ಟರು ಒಂದೊಂದೇ ಹೆಸರು ಹೇಳಿ ಬೇಡ ಅಂದದ್ದನ್ನು ಎಣ್ಣೆ ಇಳಿಯುವ ಕಾಗದದಲ್ಲಿ ಸುತ್ತಿಸಿ ಅವಳ ಕೈಗೆ ಕೊಟ್ಟೆ. ಅವಳು ಮೊದಲ ಚೂರು ಮುರಿದು ನನಗೆ ಕೊಟ್ಟಳು. ತಿಂದೆ.

ಮನೆಯಲ್ಲಿ ಶಿವು ಕಾಯುತ್ತಿದ್ದ. ಅವನಿಗೂ ಅದನ್ನೇ ಹೇಳಿದೆ, ಡಾಕ್ಟರು ಏನೂ ಇಲ್ಲ ಅಂದರು ಅಂತ. ಆಮೇಲೆ, ಯಾರೂ ಕೇಳದಿದ್ದರೂ, ಒಂದು ಮಾತು ಸೇರಿಸಿದೆ. "ಅವಳು ಬ್ಲಫ್‌ನಲ್ಲಿದ್ದರೆ ಚೆನ್ನಾಗಿರ್ತಾಳೆ ಶಿವು."

ಈ ಮಾತನ್ನು ವರ್ಷಗಟ್ಟಲೆ ತಿರುಗಿಸಿ ನೋಡಿದ್ದೇನೆ. ಅಲ್ಲಿ ಮುದ್ದೆ ತಿಂದು ಹುಷಾರಾಗಲಿ ಅಂತ ತಾನೇ ಅಂದೆ — ಹೀಗೊಂದು ಸಮಾಧಾನ ಮಾಡಿಕೊಂಡಿದ್ದೆ. ಬೇಡ. ಅದು ಅವಳ ಒಳಿತಿಗೆ ಆಡಿದ ಮಾತಾಗಿದ್ದರೆ ಅದರ ಹಿಂದಿನ ಕಾರಣವನ್ನೂ ಹೇಳುತ್ತಿದ್ದೆ. ಅವಳು ಕಣ್ಣೆದುರು ಇರಬಾರದು, ಆ ಬಳೆ ದಿನಾ ಜಾರುವುದು ನನಗೆ ಕಾಣಬಾರದು, ಅದಕ್ಕೇ ಅಂದೆ.

ಶಿವು ಅದನ್ನು ಬೇರೆಯಾಗಿ ಕೇಳಿಸಿಕೊಂಡ. ಕೇಳಿಸಿಕೊಳ್ಳುತ್ತಾನೆ ಅಂತ ನನಗೆ ಗೊತ್ತಿತ್ತು. ಮುಂದಿನ ಸಲ ಅವಳು ಮಲಗಿದಾಗ ಬಾಗಿಲಲ್ಲಿ ನಿಂತು, "ಡಾಕ್ಟ್ರೇ ಏನಿಲ್ಲ ಅಂದವ್ರೆ. ಯಾರ್ ಮುಂದೆ ಕಣಮ್ಮಿ ನಿನ್ ನಾಟ್ಕ? ನಿಮ್ಮವ್ವನ್ ಮನೇಲೇ ಇದ್ಬುಡು, ಅಲ್ಲಿ ಕಾಯ್ಲೆ ಬರಕಿಲ್ವಲ್ಲ" ಅಂದ. ಅವಳು ಅತ್ತಳೋ ಇಲ್ಲವೋ ನಾನು ನೋಡಲಿಲ್ಲ, ಹಿಟ್ಟು ಕಲಸುತ್ತಿದ್ದೆ. ಹೊರಡುವಾಗ ನನ್ನ ಹತ್ತಿರ ಬಂದು, ಅಕ್ಕ, ನಿಮಗಾದ್ರೂ ನನ್ ಮೇಲೆ ನಂಬಿಕೆ ಐತಲ್ಲ ಅಂದಳು. ನಾನು ಅವಳ ತಲೆ ಸವರಿದೆ. ಡಬ್ಬಿಯಲ್ಲಿದ್ದ ಗ್ಯಾಸ್ ಮಾತ್ರೆಯ ಶೀಟುಗಳನ್ನೆಲ್ಲ ತೆಗೆದು ಅವಳ ಚೀಲಕ್ಕೆ ಹಾಕಿದೆ, ತೌರಿಗೆ ಹೊರಟವಳಿಗೆ ಮಡಿಲು ತುಂಬುವ ಹಾಗೆ.

ಆಮೇಲೆ ಅವಳು ಬರಲಿಲ್ಲ, ಯಾರೂ ಕರೆಯಲಿಲ್ಲ. ಮದುವೆಯ ಬಿಡುಗಡೆಯ ಮಾತೂ ಆಗಲಿಲ್ಲ. ಹೀಗೇ ನೇತಾಡಿಕೊಂಡು ವರ್ಷಗಳು ಹೋದವು. ಮನೆಗೆ ಬಂದವರು ಮಂಗಳಾ ಎಲ್ಲಿ ಅಂದರೆ, ಅವ್ಳಿಗೆ ನಮ್ಮನೆ ಇಡಿಸ್ಲಿಲ್ಲ ಅಂತ ಅತ್ತೆ ಅನ್ನುತ್ತಿದ್ದರು. ನಾನು ಕಾಫಿ ತಂದಿಡುತ್ತಿದ್ದೆ.

ಹೋದ ವರ್ಷ ಹನಕೆರೆಯಲ್ಲಿ ನೆಂಟರ ಮದುವೆ. ಎರಡೂ ಕಡೆಗೆ ಬೇಕಾದವರು. ಮಂಗಳಾ ತಾಯಿಯ ಜೊತೆ ಬಂದಿದ್ದಳು. ಪಂಕ್ತಿಯಲ್ಲಿ ನನ್ನ ಎದುರು ಸಾಲಿಗೆ ಕೂತಳು. ಮೊದಲಿಗಿಂತ ವಾಸಿ, ಆದರೂ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ನನ್ನನ್ನು ನೋಡಿ ಸಣ್ಣಗೆ ನಕ್ಕಳು. ನಕ್ಕಳು! ಬಡಿಸುವವನು ಬಂದು ಅವಳ ಎಲೆಗೆ ಚಿರೋಟಿ ಹಾಕಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಹಾಲು ಹೊಯ್ದು ಮುಂದೆ ಹೋದ. ಅವಳು ಅಂಚು ಮುರಿದಳು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಎಲೆಗಳ ನಡುವೆ ನಡೆದು ಹೋಗಿ, ಬಗ್ಗಿ, ಅವಳ ಎಲೆಯ ಮೇಲಿನ ಚಿರೋಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಹಾಲು ನನ್ನ ಸೀರೆಯ ಮೇಲೆಲ್ಲ ಸುರಿಯಿತು.

ಉಣ್ಣುತ್ತಿರುವವರ ಎಲೆಯಿಂದ ತಿಂಡಿ ಎತ್ತುವುದೆಂದರೆ ನಮ್ಮಲ್ಲಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮಂಗಳಾಳ ಮುರಿದ ಚೂರು ಬೆರಳಲ್ಲೇ ನಿಂತಿತ್ತು. ನಾನು ಬಾಯಿ ತೆರೆದೆ. ಈಗ ಹೇಳಬೇಕು, ಎಲ್ಲರೂ ಇದ್ದಾರೆ, ಈಗಲೇ — ಒಂದು ಮಾತೂ ಹೊರಡಲಿಲ್ಲ. ಚಿರೋಟಿ ಹಿಡಿದುಕೊಂಡೇ ಕೈ ತೊಳೆಯುವ ಜಾಗಕ್ಕೆ ಹೋಗಿ ನಿಂತೆ. ಹಿಂದಿನಿಂದ ಯಾರೋ ಅನ್ನುತ್ತಿದ್ದುದು ಕೇಳಿಸಿತು. "ಮನೆಯಿಂದ ಓಡ್ಸಿದ್ದು ಸಾಲ್ದು ಅಂತ ಉಣ್ಣೋ ಎಲೆಗೂ ಕೈ ಆಕುದ್ಲಲ್ಲ. ನೋಡಕ್ಕೆ ಎಷ್ಟು ಸಾಧು."

ಅವಳ ಕೈಗೆ ವಿಷ ಕೊಟ್ಟಾಗ ಹೊಗಳಿದ ಜನ, ಅದನ್ನು ಕಿತ್ತುಕೊಂಡ ದಿನ ಉಗಿದರು. ಅವರದೇನೂ ತಪ್ಪಿಲ್ಲ. ಅವರಿಗೆ ಗೊತ್ತಾಗದಂತೆ ಇಟ್ಟವಳು ನಾನು.

ಅದೇ ವಾರ ಬ್ಲಫ್‌ಗೆ ಹೋದೆ. ಮಳವಳ್ಳಿಯಲ್ಲಿ ಬಸ್ಸು ಬದಲಿಸುವಾಗ ಅಭ್ಯಾಸಬಲದಿಂದ ಒಂದು ಬೇಕರಿಯ ಮುಂದೆ ನಿಂತುಬಿಟ್ಟಿದ್ದೆ, ಬರಿಗೈಯಲ್ಲಿ ಹೋಗಬಾರದು ಅಂತ. ಗಾಜಿನ ಹಿಂದೆ ಬ್ರೆಡ್ಡು, ಬನ್ನು, ರಸ್ಕು. ಬರಿಗೈಯಲ್ಲೇ ಹೋದೆ.

ಚಿಕ್ಕತಾಯಮ್ಮ ಬಾಗಿಲಲ್ಲೇ ತಡೆದರು. "ಏನವ್ವ, ಎಲೆ ಮೇಗ್ಲುದ್ನೂ ಕಿತ್ಕಂಡೆ. ಇನ್ನೇನ್ ಕಿತ್ಕಳಕ್ ಬಂದೆ?" ನಾನು ತಲೆ ತಗ್ಗಿಸಿದೆ. ಮಂಗಳಾ ಒಳಗಿಂದ, ಬರ್ಲಿ ಬುಡವ್ವ ಅಂದಳು. ನೆಲದ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಎದುರಿಗೆ ಕೂತೆ. ಮಾತ್ರೆಯಿಂದ ಹಿಡಿದು ಮೆಟ್ಟಿಲವರೆಗೆ, ಮೆಟ್ಟಿಲಿಂದ ಚಿರೋಟಿಯವರೆಗೆ ಎಲ್ಲ ಹೇಳಿದೆ. ಮಾತ್ರೆಯಿಂದಲೇ ಕಾಯಿಲೆ ಬಂತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆದರೆ ಕಾಯಿಲೆ ಇದೆ ಅನ್ನುವುದನ್ನು ಮುಚ್ಚಿಟ್ಟವಳು ನಾನು, ಅದರಲ್ಲಿ ಅನುಮಾನವಿಲ್ಲ ಅಂದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ಒಳ್ಳೆಯ ಎಲೆ ಒಂದು ಕಡೆ, ಹಣ್ಣೆಲೆ ಒಂದು ಕಡೆ. ಗೂಡಿನಲ್ಲಿ ಗ್ಯಾಸ್ ಮಾತ್ರೆಯ ಶೀಟು ಕಂಡಿತು. ಇನ್ನೂ ನುಂಗುತ್ತಿದ್ದಳು. ನಾನು ಕಲಿಸಿದ್ದು.

ಸೋಸುತ್ತಲೇ ಕೇಳಿದಳು. "ಅವತ್ತು ಬಸ್ಸಿಳಿದ್ ಮೇಲೆ ವಡೆ ಕೊಡುಸ್ದಲ್ಲ. ಆಗ್ಲೂ ಗೊತ್ತಿತ್ತಾ ನಿಂಗೆ?"

ಅವಳು ಅದುವರೆಗೆ ನನ್ನನ್ನು ಯಾವತ್ತೂ ನೀನು ಅಂದಿರಲಿಲ್ಲ.

"ಗೊತ್ತಿತ್ತು."

ಅವಳ ಕೈ ಆಗ ನಿಂತಿತು. "ಮದ್ವೆ ಮನೇಲಿ ಪೂರಿ ತಿಂದು ಬಂದು ಮಲೀಕ್ಕಂಡ್ರೆ, ಈಗ್ ಅತ್ತೆ ಮನೇನೂ ಇಲ್ಲ, ಯಾರ್ ಮುಂದೆ ನಾಟ್ಕ ಆಡ್ತಿದೀನಿ ನಾನು ಅಂತ ನನ್ನೇ ಕೇಳ್ಕತಿದ್ದೆ. ನನ್ ಹೊಟ್ಟೇನ ನಾನೇ ನಂಬ್ದಂಗೆ ಮಾಡ್ಬುಟ್ಟೆ ಕಣಕ್ಕ ನೀನು."

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ಅದೆಲ್ಲ ಬ್ಯಾಡ. ನಂಗೊಬ್ಳಿಗೇ ಹೇಳ್ಬುಟ್ಟು, ಅತ್ತು, ಅಗುರ ಮಾಡ್ಕಂಡು ಒಂಟೋಗ್ಬ್ಯಾಡ. ಆ ಮನೆ ನಡುಮನೇಲಿ ನಿಂತ್ಕಂಡು ಹೇಳು. ಎಲ್ರೂ ಇದ್ದಾಗ ಹೇಳು." ಸೊಪ್ಪಿನ ಕಡೆ ನೋಡುತ್ತ ಅಂದಳು. "ಕನ್ನಡದಲ್ಲಿ ಹೇಳು."

ಭಾನುವಾರ, ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. ನಿಂತುಕೊಂಡು ಹೇಳಿದೆ. ಮುಗಿಯುವ ಮೊದಲೇ ಅತ್ತೆ, ಆಗಿದ್ ಆಗೋಯ್ತು, ಈಗ್ಯಾಕವ್ವ ಕೆದಕ್ತೀಯ, ಒರಗೆ ಗೊತ್ತಾದ್ರೆ ನಿನ್ ಮರ್ವಾದೆನೇ ಓಯ್ತದೆ ಅಂದರು. ನನ್ನ ಮರ್ಯಾದೆ! ಅಷ್ಟು ವರ್ಷ ಅವಳದು ಬೀದಿಯಲ್ಲಿ ಬಿದ್ದಿದ್ದಾಗ ಯಾರಿಗೂ ನೆನಪಾಗದ ಪದ. ನಮ್ಮ ಯಜಮಾನರು ಕಿಟಕಿಯ ಕಡೆ ನೋಡಿ, ಪಕ್ಕದವರಿಗೆ ಕೇಳಿಸುತ್ತೆ, ಮೆತ್ತಗೆ ಮಾತಾಡು ಅಂದರು.

ಅಷ್ಟು ಸಾಕಾಯಿತು. ಹುಟ್ಟಿದಾಗಿನಿಂದ ತಡೆದಿಟ್ಟ ದನಿಯೆಲ್ಲ ಒಟ್ಟಿಗೆ ಬಂತು. ಕಿಟಕಿಯ ಎರಡೂ ಬಾಗಿಲು ತೆಗೆದು, ಮೊದಲಿಂದ ಮತ್ತೆ ಹೇಳಿದೆ. ಪಕ್ಕದ ಮನೆಯ ಮಿಕ್ಸಿ ನಿಂತಿತು. ಮಾತ್ರೆ ಕೊಟ್ಟಿದ್ದು ನಾನು, ಮುದ್ದೆ ಬಿಡಿಸಿದ್ದು ನಾನು, ಡಾಕ್ಟರ ಮಾತು ಮುಚ್ಚಿಟ್ಟಿದ್ದು ನಾನು, ಅವಳು ನಾಟಕ ಆಡಲಿಲ್ಲ, ಆಡಿದವಳು ನಾನು — ಬೀದಿಗೆ ಕೇಳುವ ಹಾಗೆ ಹೇಳಿದೆ. ಶಿವು ತಟ್ಟೆಯಲ್ಲೇ ಕೈ ತೊಳೆದ. ನಾಟ್ಕ ಅಂದಿದ್ದು ನನ್ ಬಾಯಿ ಅತ್ತಿಗೆ, ಅದನ್ ನಿಮ್ ತಲೆ ಮೇಲೆ ಆಕಕ್ಕಾಗಕಿಲ್ಲ ಅಂದು ಹೊರಗೆ ಹೋದ. ಮಾರನೆಯ ದಿನ ಬ್ಲಫ್‌ಗೆ ಹೋಗಿಬಂದ. ಅವಳು ಬರಲ್ಲ ಅಂದಳಂತೆ. ಸರಿಯಾಗಿ ಅಂದಳು.

ಈಗ ಅವಳು ಅಣ್ಣನ ಜೊತೆ ಮೈಸೂರಿಗೆ ಹೋಗಿ ತೋರಿಸಿಕೊಳ್ಳುತ್ತಿದ್ದಾಳೆ ಅಂತ ಕೇಳಿದ್ದೇನೆ. ಡಾಕ್ಟರನ್ನು ಕೇಳಿಯೇ ಆ ಮಾತ್ರೆ ಬಿಟ್ಟಳಂತೆ. ನನ್ನ ಫೋನು ತೆಗೆಯುವುದಿಲ್ಲ. ನಾನು ದಿನಾ ಮುದ್ದೆ ತೊಳಸುತ್ತೇನೆ. ಈಗಲೂ ಗಂಟು ಕಟ್ಟುತ್ತದೆ. ಯಾರೂ ನಗುವುದಿಲ್ಲ. ಪಕ್ಕದವರು ಮಾತ್ರೆ ಕೇಳಲು ಬರುವುದಿಲ್ಲ. ಬಂದರೂ ಆ ಡಬ್ಬಿ ಇಲ್ಲ.

ಕ್ಷಮಿಸು ಅಂತ ಇಲ್ಲಿ ಬರೆಯುವುದಿಲ್ಲ. ಕೇಳಿದರೆ ಕೊಡುವ ಹೆಂಗಸು ಅವಳು, ಅದಕ್ಕೇ ಕೇಳಬಾರದು. ಅವಳು ಹೇಳಿದ್ದನ್ನಷ್ಟೇ ಮಾಡುತ್ತಿದ್ದೇನೆ, ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವತ್ತು ಡಾಕ್ಟರು ಎದ್ದು ಬಾಗಿಲವರೆಗೆ ಬಂದು, ಮಂಗಳಾಳ ಬೆನ್ನು ನೋಡುತ್ತ, ನನಗಷ್ಟೇ ತಿಳಿಯುವ ಮಾತಿನಲ್ಲಿ ಹೇಳಿದ್ದು ಇಷ್ಟು. ಈ ಹೆಣ್ಣುಮಗಳು ಇಷ್ಟು ವರ್ಷ ಹೇಳಿಕೊಂಡಿದ್ದೆಲ್ಲ ನಿಜ. ಇವರ ಮಾತನ್ನು ಮನೆಯಲ್ಲಿ ಯಾರೂ ನಂಬಿದ ಹಾಗೆ ಕಾಣುವುದಿಲ್ಲ. ದಯವಿಟ್ಟು ಎಲ್ಲರಿಗೂ ತಿಳಿಸಿ, ಮೊದಲು ಇವರಿಗೆ ತಿಳಿಸಿ.

ಖಂಡಿತ ತಿಳಿಸುತ್ತೇನೆ ಅಂದಿದ್ದೆ ನಾನು. ಮೆತ್ತಗೆ, ನಗುತ್ತ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದಿದ್ದೆ.